ಸೂರು ಉಳಿದದ್ದೋ, ಸೂರು ಹೋದದ್ದೋ: ಐರ್ಲೆಂಡಿನ ಹಳ್ಳಿಗಾಡಿನ ಕೌಂಟಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಡಬ್ಲಿನ್ನಿನಲ್ಲಿ ನೆಲಸಿರುವ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದಾಗ ತೋರಿಸುವ ಜಾಗಗಳ ಪಟ್ಟಿ ಸಾಮಾನ್ಯವಾಗಿ ಎರಡು ದಿನಕ್ಕೆ ಮುಗಿಯುತ್ತದೆ. ಒಂದು ದಿನ ರಾಜಧಾನಿಯ ಬೀದಿಗಳು, ಇನ್ನೊಂದು ದಿನ ಪಶ್ಚಿಮ ಕಡಲಿನ ಮೋಹರ್ ಬಂಡೆಗಳು. ಮೂರನೆಯ ದಿನ ಎಲ್ಲಿಗೆ ಹೋಗುವುದೆಂಬ ಪ್ರಶ್ನೆ ಬಂದಾಗಲೇ ಒಳನಾಡಿನ ಕೌಂಟಿಗಳ ನೆನಪಾಗುತ್ತದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥದು. ಯಾವ ಕೌಂಟಿಗೆ ಹೋದರೂ ಒಂದು ಕೋಟೆ, ಒಂದು ಪಾಳುಬಿದ್ದ ಮಠ, ಒಂದು ಶಿಲುಬೆ ಇದ್ದೇ ಇರುತ್ತವೆ. ಪ್ರವಾಸಿ ಕೈಪಿಡಿಗಳಲ್ಲಿ ಎಲ್ಲವನ್ನೂ ಒಂದೇ ಬಗೆಯ ಹೊಗಳಿಕೆಯ ಮಾತಿನಲ್ಲಿ ವರ್ಣಿಸಿರುವುದರಿಂದ ಯಾವುದನ್ನು ಬಿಟ್ಟರೆ ನಷ್ಟವಿಲ್ಲ, ಯಾವುದನ್ನು ಬಿಡಬಾರದು ಎಂಬುದು ಮಾತ್ರ ತಿಳಿಯುವುದಿಲ್ಲ. ಮೀತ್, ಟಿಪ್ಪರರಿ, ಕ್ಲೇರ್, ರಾಸ್‌ಕಾಮನ್ ಎಂಬ ನಾಲ್ಕು ಕೌಂಟಿಗಳನ್ನು, ಜೊತೆಗೆ ಸ್ವಲ್ಪಮಟ್ಟಿಗೆ ಆಫಲಿಯನ್ನು, ಎದುರುಬದುರು ಇಟ್ಟು ನೋಡುವುದು ಈ ಬರಹದ ಉದ್ದೇಶ.

ಹೋಲಿಸುವುದಕ್ಕೆ ಅಳತೆಗೋಲು ಬೇಕು. ಕಟ್ಟಡದ ವಯಸ್ಸಾಗಲಿ ಗಾತ್ರವಾಗಲಿ ಇಲ್ಲಿ ಒಳ್ಳೆಯ ಅಳತೆಗೋಲಲ್ಲ ಎಂಬುದು ನನ್ನ ಅಭಿಪ್ರಾಯ. ಕೇಳಬೇಕಾದ ಮೊದಲ ಪ್ರಶ್ನೆ, ಈ ಕಟ್ಟಡದ ಮೇಲೆ ಸೂರು ಇದೆಯೇ, ಇಲ್ಲವಾದರೆ ಅದನ್ನು ತೆಗೆದವರು ಯಾರು ಎಂಬುದು. ಐರ್ಲೆಂಡಿನಲ್ಲಿ ಸೂರಿಲ್ಲದ ಗೋಡೆಗಳು ಎಷ್ಟು ಸಾಮಾನ್ಯವೆಂದರೆ ಹೊಸಬರು ಅದನ್ನು ಕಾಲದ ಸಹಜ ಸವೆತವೆಂದೇ ತಿಳಿಯುತ್ತಾರೆ. ಆದರೆ ಹೆಚ್ಚಿನ ಕಡೆ ಸೂರು ತಾನಾಗಿ ಬಿದ್ದದ್ದಲ್ಲ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಕಾಲದಲ್ಲಿ, 1536ರಿಂದ ಮೊದಲ್ಗೊಂಡು, ಕ್ಯಾಥೊಲಿಕ್ ಮಠಗಳನ್ನು ಮುಚ್ಚಿ ಅವುಗಳ ಜಮೀನನ್ನು ಹಂಚಲಾಯಿತು. ಸನ್ಯಾಸಿಗಳಿಲ್ಲದ ಮಠಗಳ ಸೂರು ಉಳಿಯಲಿಲ್ಲ. 1649ರಲ್ಲಿ ಬಂದಿಳಿದ ಇಂಗ್ಲಿಷ್ ಸೇನಾನಿ ಕ್ರಾಮ್‌ವೆಲ್‌ನ ಸೈನ್ಯ ಎದುರು ನಿಂತ ಕೋಟೆಗಳನ್ನು ಕೆಡವಿತು. ಸ್ವಾತಂತ್ರ್ಯಯುದ್ಧ ಮತ್ತು ಅದರ ಬೆನ್ನಿಗೇ ಬಂದ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1920ರಿಂದ 1923ರ ನಡುವೆ, ಜಮೀನುದಾರರ ಇನ್ನೂರಕ್ಕೂ ಹೆಚ್ಚು ದೊಡ್ಡಮನೆಗಳು ಬೆಂಕಿಗೆ ಆಹುತಿಯಾದವು. ಅದನ್ನೂ ದಾಟಿ ಉಳಿದ ಮನೆಗಳಲ್ಲಿ ಕೆಲವನ್ನು ಮಾಲೀಕರೇ ಬೋಳು ಮಾಡಿದರು, ಏಕೆಂದರೆ ಸೂರಿರುವ ಕಟ್ಟಡದ ಮೇಲೆ ಸ್ಥಳೀಯ ತೆರಿಗೆ ಬೀಳುತ್ತಿತ್ತು, ಬರಿಯ ಗೋಡೆಗಳ ಮೇಲೆ ಬೀಳುತ್ತಿರಲಿಲ್ಲ. ಹೀಗೆ ಈ ದೇಶದ ಪ್ರತಿಯೊಂದು ಬೋಳುಗೋಡೆಯ ಹಿಂದೆಯೂ ಒಂದು ಕಾರಣವಿದೆ. ಯಾವ ಕಾರಣವನ್ನು ತಿಳಿಯಲು ನಿಮಗೆ ಆಸೆಯೋ ಆ ಕೌಂಟಿಯನ್ನು ಆರಿಸಿಕೊಳ್ಳಿ.

ಮೀತ್: ಸೋರದ ಮಾಡು

ಡಬ್ಲಿನ್ನಿನಿಂದ ಐವತ್ತು ಕಿಲೋಮೀಟರಿನಷ್ಟೇ ದೂರವಿರುವುದರಿಂದ ಮೀತ್ ಕೌಂಟಿಗೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಬಾಯ್ನ್ ನದಿಯ ತಿರುವಿನಲ್ಲಿರುವ ನ್ಯೂಗ್ರೇಂಜ್, ನೌತ್, ಡೌತ್ ಎಂಬ ಸಮಾಧಿದಿಬ್ಬಗಳು 1993ರಿಂದ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ನ್ಯೂಗ್ರೇಂಜ್ ಕಟ್ಟಿದ್ದು ಕ್ರಿ.ಪೂ. 3200ರ ಸುಮಾರಿಗೆ, ಈಜಿಪ್ಟಿನ ಗೀಜಾ ಪಿರಮಿಡ್ಡುಗಳಿಗಿಂತ ಇದು ಹಳೆಯದು. ಸುಮಾರು 19 ಮೀಟರ್ ಉದ್ದದ ಇಕ್ಕಟ್ಟಾದ ಹಾದಿಯಲ್ಲಿ ತಲೆಬಗ್ಗಿಸಿ ನಡೆದರೆ ನಡುಕೋಣೆ ಸಿಗುತ್ತದೆ. ಆ ಕೋಣೆಯ ಮಾಡನ್ನು ಕಲ್ಲಿನ ಮೇಲೆ ಕಲ್ಲನ್ನು ತುಸುತುಸುವೇ ಒಳಕ್ಕೆ ಚಾಚಿ ಪೇರಿಸಿ, ಆರು ಮೀಟರ್ ಎತ್ತರದಲ್ಲಿ ಒಂದೇ ಚಪ್ಪಡಿಯಿಂದ ಮುಚ್ಚಿದ್ದಾರೆ. ಗಾರೆಯಿಲ್ಲ, ತೊಲೆಯಿಲ್ಲ. ಕಲ್ಲುಗಳ ಸಂದಿಗೆ ಸುಟ್ಟಮಣ್ಣು ಮತ್ತು ಮರಳನ್ನು ತುಂಬಿ, ಹಾದಿಯ ಮೇಲಿನ ಚಪ್ಪಡಿಗಳ ಬೆನ್ನಿನಲ್ಲಿ ಮಳೆನೀರು ಹರಿದುಹೋಗಲು ಕಾಲುವೆಗಳನ್ನು ಕೊರೆದಿದ್ದಾರೆ. ಐದು ಸಾವಿರ ವರ್ಷಗಳ ಐರಿಷ್ ಮಳೆಗೆ ಈ ಮಾಡು ಸೋರಿಲ್ಲ.

ಒಳಗಿನದು ಇಷ್ಟು ಪ್ರಾಮಾಣಿಕವಾಗಿದ್ದರೂ ಹೊರಗೆ ಕಾಣುವ ಬಿಳಿಯ ಬೆಣಚುಕಲ್ಲಿನ ಗೋಡೆಯ ವಿಷಯದಲ್ಲಿ ಎಚ್ಚರ ಬೇಕು. 1962ರಿಂದ 1975ರವರೆಗೆ ಇಲ್ಲಿ ಉತ್ಖನನ ನಡೆಸಿದ ಮೈಕಲ್ ಓಕೆಲಿ ಅವರು ದಿಬ್ಬದ ಮುಂದೆ ಚೆಲ್ಲಿಬಿದ್ದಿದ್ದ ಬೆಣಚುಕಲ್ಲುಗಳು ಹಿಂದೆ ಗೋಡೆಯಾಗಿದ್ದವೆಂದು ತೀರ್ಮಾನಿಸಿದ್ದರು. ಅದರಂತೆ ಕಾಂಕ್ರೀಟಿನ ಆಸರೆಯೊಡನೆ ಗೋಡೆಯನ್ನು ಮತ್ತೆ ನಿಲ್ಲಿಸಲಾಯಿತು. ಪಕ್ಕದ ನೌತ್‌ನಲ್ಲಿ ಅಂಥದೇ ಕಲ್ಲುಗಳನ್ನು ಜಾರ್ಜ್ ಓಗನ್ ಅವರು ನೆಲದ ಹಾಸೆಂದು ಓದಿದರು, ಹಾಗಾಗಿ ಅಲ್ಲಿ ಅವು ನೆಲದ ಮೇಲೆಯೇ ಹರಡಿವೆ. ಒಂದೇ ಸಾಕ್ಷ್ಯಕ್ಕೆ ಎರಡು ಅರ್ಥ, ಎರಡೂ ಕೆಲವೇ ನಿಮಿಷಗಳ ದಾರಿಯಲ್ಲಿ. ಎರಡನ್ನೂ ನೋಡದೆ ಹಿಂದಿರುಗುವುದು ಸರಿಯಲ್ಲ. ಅವಸರದಲ್ಲಿರುವವರು ನ್ಯೂಗ್ರೇಂಜ್ ಮಾತ್ರ ನೋಡಿ ಹೋಗುವುದುಂಟು. ಕಲ್ಲಿನ ಮೇಲಿನ ಕೆತ್ತನೆಯ ಸಂಪತ್ತು ನೌತ್‌ನಲ್ಲಿಯೇ ಹೆಚ್ಚು.

ಇದೇ ಕೌಂಟಿಯ ಟ್ರಿಮ್ ಪಟ್ಟಣದಲ್ಲಿ ಐರ್ಲೆಂಡಿನ ಅತಿ ದೊಡ್ಡ ನಾರ್ಮನ್ ಕೋಟೆಯಿದೆ. ಹ್ಯೂ ಡಿ ಲೇಸಿ 1170ರ ದಶಕದಲ್ಲಿ ಆರಂಭಿಸಿದ ಇದರ ನಡುಗೋಪುರ ಚೌಕವೂ ಅಲ್ಲ, ದುಂಡೂ ಅಲ್ಲ. ಶಿಲುಬೆಯ ಆಕಾರದಲ್ಲಿ ನಾಲ್ಕೂ ಕಡೆಗೆ ಚಾಚಿಕೊಂಡಿದ್ದರಿಂದ ಅದಕ್ಕೆ ಇಪ್ಪತ್ತು ಮೂಲೆಗಳಾದವು. ಮೂಲೆ ಹೆಚ್ಚಿದಷ್ಟೂ ಕೆಡವುವವನಿಗೆ ಅನುಕೂಲವೆಂಬುದನ್ನು ನೋಡಿದರೆ ಇದು ಯುದ್ಧಕ್ಕಿಂತ ಠೀವಿಗಾಗಿ ಕಟ್ಟಿದ್ದಿರಬೇಕೆಂದು ತೋರುತ್ತದೆ. ಕೆಲ್ಸ್ ಊರಿನಲ್ಲಿರುವ ಸಂತ ಕೊಲಂಬನ ಮನೆ ಎಂಬ ಪುಟ್ಟ ಪ್ರಾರ್ಥನಾಮಂದಿರವೂ ಮರೆಯಬಾರದ ಕಟ್ಟಡ. ಕಡಿದಾದ ಅದರ ಕಲ್ಲಿನ ಸೂರು ಇಂದಿಗೂ ಇದೆ.

ಕನ್ನಡಿಗರಿಗೆ ಮಾತ್ರ ಮುಖ್ಯವೆನಿಸಬಹುದಾದ ಒಂದು ಸಂಗತಿಯೂ ಈ ಕೌಂಟಿಯಲ್ಲಿದೆ. ಟ್ರಿಮ್ ಪಟ್ಟಣದಲ್ಲಿ 1817ರಲ್ಲಿ ನಿಲ್ಲಿಸಿದ ಎತ್ತರದ ಸ್ತಂಭವೊಂದಿದೆ; ಅದು ವೆಲಿಂಗ್ಟನ್ನಿನ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿಯ ಸ್ಮಾರಕ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಊರಿನ ಆಡಳಿತವನ್ನು ವಹಿಸಿಕೊಂಡು ದರಿಯಾ ದೌಲತ್ತಿನಲ್ಲಿ ವಾಸವಾಗಿದ್ದ ಅದೇ ವೆಲ್ಲೆಸ್ಲಿ ಅದಕ್ಕೆ ಮೊದಲು ಐರಿಷ್ ಸಂಸತ್ತಿನಲ್ಲಿ ಟ್ರಿಮ್ ಕ್ಷೇತ್ರದ ಸದಸ್ಯನಾಗಿದ್ದ. ಆಗ ಗವರ್ನರ್ ಜನರಲ್ ಆಗಿದ್ದ ಅವನ ಅಣ್ಣ ರಿಚರ್ಡ್ ಹುಟ್ಟಿದ್ದು ಹತ್ತಿರದ ಡ್ಯಾಂಗನ್ ಎಂಬ ದೊಡ್ಡಮನೆಯಲ್ಲಿ. ಡ್ಯಾಂಗನ್ ಈಗ ಹೊಲಗಳ ನಡುವಿನ ಬೋಳುಗೋಡೆ. ಕುಟುಂಬದ ಕೈಬಿಟ್ಟ ಮೇಲೆ 19ನೆಯ ಶತಮಾನದ ಆರಂಭದಲ್ಲಿ ಬೆಂಕಿ ಬಿದ್ದು ಹಾಳಾಯಿತು. ಜಮೀನು ಖಾಸಗಿಯವರದಾದ್ದರಿಂದ ಒಳಗೆ ನುಗ್ಗದೆ ದೂರದಿಂದಲೇ ನೋಡಬೇಕು. ಶ್ರೀರಂಗಪಟ್ಟಣದ ಲಾಲ್‌ಮಹಲ್ ಅರಮನೆಯ ತಳಪಾಯವನ್ನು ನೋಡಿದವರಿಗೆ ಇಲ್ಲಿ ತುಸು ಹೊತ್ತು ಸುಮ್ಮನೆ ನಿಲ್ಲಬೇಕೆನಿಸಬಹುದು.

ಟಿಪ್ಪರರಿ: ಒಂದು ನದಿ, ಹಲವು ಗತಿಗಳು

ಒಂದೇ ಕೌಂಟಿಗೆ ಹೋಗಲು ಸಮಯವಿದ್ದರೆ ಟಿಪ್ಪರರಿಗೆ ಹೋಗಿ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಸೂರಿಗೆ ಏನೇನು ಆಗಬಹುದೋ ಅದೆಲ್ಲವೂ ಇಲ್ಲಿ ಶೂರ್ ನದಿಯ ದಡದಲ್ಲಿ ಮತ್ತು ಅದರ ಸುತ್ತಮುತ್ತ ಒಂದೊಂದಾಗಿ ಎದುರಾಗುತ್ತದೆ.

ಕ್ಯಾಶೆಲ್ ಬಂಡೆಯಿಂದ ಆರಂಭಿಸುವುದು ವಾಡಿಕೆ, ಅದು ಸರಿಯೂ ಹೌದು. ಮನ್‌ಸ್ಟರ್ ಪ್ರಾಂತದ ಅರಸರ ಪೀಠವಾಗಿದ್ದ ಈ ಸುಣ್ಣಕಲ್ಲಿನ ಗುಡ್ಡವನ್ನು 1101ರಲ್ಲಿ ದೊರೆ ಮರ್ಹರ್ಟಾ ಓಬ್ರಿಯನ್ ಚರ್ಚಿಗೆ ದಾನವಾಗಿ ಕೊಟ್ಟ. ಆ ಕಾಲದ ಸುಮಾರಿನದೇ ಆದ 28 ಮೀಟರಿನ ದುಂಡುಗೋಪುರ ಪೂರ್ತಿಯಾಗಿ ನಿಂತಿದೆ. ಅದರ ಪಕ್ಕದಲ್ಲಿ ಕಾರ್ಮಕ್ ಎಂಬ ದೊರೆ 1127ರಲ್ಲಿ ಆರಂಭಿಸಿ 1134ರಲ್ಲಿ ಪ್ರತಿಷ್ಠಾಪನೆಯಾದ ಪ್ರಾರ್ಥನಾಮಂದಿರವಿದೆ. ಅಳತೆಯಲ್ಲಿ ಚಿಕ್ಕದಾದರೂ ದುಂಡುಕಮಾನುಗಳ ಐರಿಷ್ ರೋಮನೆಸ್ಕ್ ಶೈಲಿಯ ಅತ್ಯುತ್ತಮ ಮಾದರಿ ಇದೇ ಎಂದು ಬಲ್ಲವರೆಲ್ಲ ಒಪ್ಪುತ್ತಾರೆ. ಒಳಗೆ ಕಮಾನಿನ ಚಾವಣಿ, ಅದರ ಮೇಲೊಂದು ಕೋಣೆ, ಅದರ ಮೇಲೆ ಹೊರಗಿನ ಕಡಿದಾದ ಕಲ್ಲಿನ ಸೂರು ಎಂಬ ಇಮ್ಮಡಿ ಏರ್ಪಾಡಿನಿಂದ ಸೂರಿನ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳದಂತೆ ನೋಡಿಕೊಂಡಿದ್ದಾರೆ. ಆದರೆ ಕಟ್ಟಿದ್ದು ಮರಳುಗಲ್ಲಿನಿಂದ. ಶತಮಾನಗಳ ಮಳೆ ಕಲ್ಲಿನ ಒಡಲಿಗಿಳಿದು ಒಳಗಿನ ಭಿತ್ತಿಚಿತ್ರಗಳು ಹಾಳಾಗತೊಡಗಿದ್ದರಿಂದ ಇತ್ತೀಚೆಗೆ ಹಲವು ವರ್ಷಗಳ ಕಾಲ ಇಡೀ ಕಟ್ಟಡವನ್ನು ಹೊದಿಕೆಯಿಂದ ಮುಚ್ಚಿ ಒಣಗಿಸಬೇಕಾಯಿತು. ಈಗಲೂ ಒಳಗೆ ಬಿಡುವುದು ಮಾರ್ಗದರ್ಶಕರೊಡನೆ ಸಣ್ಣ ಗುಂಪುಗಳನ್ನು ಮಾತ್ರ. ಜನರ ಉಸಿರಿನ ತೇವವೂ ಬಣ್ಣಕ್ಕೆ ಶತ್ರು ಎಂಬುದು ಇದರ ಕಾರಣ.

ಇದೇ ಬಂಡೆಯ ಮೇಲಿನ ದೊಡ್ಡ ಕೆಥೆಡ್ರಲ್‌ಗೆ ಮಾತ್ರ ಸೂರಿಲ್ಲ. 1647ರಲ್ಲಿ ಇಂಗ್ಲಿಷ್ ಸಂಸತ್ತಿನ ಪರ ಕಾದಾಡುತ್ತಿದ್ದ ಇಂಚಿಕ್ವಿನ್ ಪ್ರಭುವಿನ ಸೈನ್ಯ ಒಳಗೆ ಆಶ್ರಯ ಪಡೆದಿದ್ದವರನ್ನು ಕೊಂದು ಲೂಟಿ ಮಾಡಿತಾದರೂ ಸೂರು ಹೋದದ್ದು ಆಗಲ್ಲ. ಸುಮಾರು ನೂರು ವರ್ಷಗಳ ಅನಂತರ, 18ನೆಯ ಶತಮಾನದ ಮಧ್ಯದಲ್ಲಿ, ಆಂಗ್ಲಿಕನ್ ಆರ್ಚ್‌ಬಿಷಪ್ ಗುಡ್ಡದ ಮೇಲಿನ ಪೂಜೆಯನ್ನು ನಿಲ್ಲಿಸಿ ಊರೊಳಗಿನ ಚರ್ಚಿಗೆ ಸಾಗಿಸಿದ. ಮೇಲಿನದರ ಸೂರನ್ನು ತೆಗೆಸಿದ. ಕತ್ತಿ ಹಿಡಿದವರು ಬಿಟ್ಟದ್ದನ್ನು ಕಾಗದ ಪತ್ರ ಹಿಡಿದವರು ಮುಗಿಸಿದರು.

ಕ್ಯಾಶೆಲ್‌ನಿಂದ ಉತ್ತರಕ್ಕೆ ಹೋಗಿ ಶೂರ್ ನದಿಯನ್ನು ಮುಟ್ಟಿದರೆ ಹೋಲಿಕ್ರಾಸ್ ಮಠ ಸಿಗುತ್ತದೆ. 12ನೆಯ ಶತಮಾನದಲ್ಲಿ ಸ್ಥಾಪನೆಯಾದ ಸಿಸ್ಟರ್ಸಿಯನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಪಂಗಡದ ಈ ಮಠ, ಯೇಸುವಿನ ಶಿಲುಬೆಯ ಮರದ ತುಣುಕೊಂದು ಇಲ್ಲಿದೆ ಎಂಬ ನಂಬಿಕೆಯಿಂದ ಯಾತ್ರಾಸ್ಥಳವಾಗಿ, ಆಮೇಲೆ ಸುಮಾರು ಇನ್ನೂರು ವರ್ಷ ಹಾಳುಬಿದ್ದಿತ್ತು. ಸರಕಾರದ ರಕ್ಷಣೆಯಲ್ಲಿರುವ ಪಾಳುಕಟ್ಟಡದಲ್ಲಿ ಪೂಜೆ ಮಾಡುವಂತಿರಲಿಲ್ಲವಾದ್ದರಿಂದ 1969ರಲ್ಲಿ ಈ ಒಂದು ಮಠಕ್ಕಾಗಿಯೇ ಪ್ರತ್ಯೇಕ ಕಾಯಿದೆ ಮಾಡಿ, ಸೂರು ಹೊದಿಸಿ, 1975ರಲ್ಲಿ ಊರಿನ ಚರ್ಚಾಗಿ ಮತ್ತೆ ತೆರೆದರು. ಇಂದು ಭಾನುವಾರ ಹೋದರೆ ಊರಜನ ಮಂಡಿಯೂರಿ ಕುಳಿತಿರುತ್ತಾರೆ. ಗೋಡೆಯ ಮೇಲೆ ಮಧ್ಯಯುಗದ ಬೇಟೆಯ ಚಿತ್ರ ಹಾಗೆಯೇ ಇದೆ. ಕಟ್ಟಡಕ್ಕೆ ಸೂರು ಹೊದಿಸುವುದು ಎಂದರೇನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇದಕ್ಕೆ ನೇರ ವಿರುದ್ಧವಾಗಿ, ನದಿಯ ಕೆಳಹರಿವಿನಲ್ಲಿ ಗೋಲ್ಡನ್ ಎಂಬ ಹಳ್ಳಿಯ ಹತ್ತಿರ ಅಥಾಸೆಲ್ ಮಠವಿದೆ. ಮಧ್ಯಯುಗದಲ್ಲಿ ದೇಶದ ಅತಿ ದೊಡ್ಡ ಮಠಗಳಲ್ಲಿ ಒಂದಾಗಿದ್ದ ಅದು ಈಗ ಹುಲ್ಲುಗಾವಲಿನ ನಡುವಿನ ಗೋಡೆಗಳ ಸಮೂಹ. ಟಿಕೆಟ್ಟಿಲ್ಲ, ಕಾವಲುಗಾರನಿಲ್ಲ, ಹೆಚ್ಚಾಗಿ ಬೇರೆ ಪ್ರವಾಸಿಗಳೂ ಇರುವುದಿಲ್ಲ. ಎರಡನ್ನೂ ಒಂದೇ ದಿನ ನೋಡಿ, ಯಾವುದು ಹೆಚ್ಚು ಸತ್ಯವೆಂದು ನಿಮ್ಮೊಳಗೇ ವಾದಿಸಿಕೊಳ್ಳಬಹುದು. ನನ್ನ ಮತ ಅಥಾಸೆಲ್‌ನ ಕಡೆಗಿದೆ. ಆದರೆ ಆ ಊರಿನಲ್ಲಿ ಹುಟ್ಟಿದವನಾಗಿದ್ದರೆ ಹೋಲಿಕ್ರಾಸ್ ಬೇಕೆನ್ನುತ್ತಿದ್ದೆನೇನೋ.

ಇನ್ನೂ ಕೆಳಗೆ ನದಿಯ ನಡುಗಡ್ಡೆಯ ಬಂಡೆಯ ಮೇಲೆ ಕೇರ್ ಕೋಟೆಯಿದೆ. 1375ರಿಂದ ಬಟ್ಲರ್ ಮನೆತನದ ಕೈಯಲ್ಲಿದ್ದ ಇದನ್ನು 1599ರಲ್ಲಿ ಇಂಗ್ಲಿಷ್ ಸೇನಾಪತಿ ಎಸೆಕ್ಸ್ ಅರ್ಲ್ ಫಿರಂಗಿಗಳಿಂದ ಹೊಡೆದು ಗೆದ್ದ. ಒಂದು ಗುಂಡು ಇಂದಿಗೂ ಗೋಡೆಯಲ್ಲಿ ಸಿಕ್ಕಿಕೊಂಡಿದೆ. ಆ ಪಾಠ ಮನಸ್ಸಿನಲ್ಲಿದ್ದುದರಿಂದಲೋ ಏನೋ, 1650ರಲ್ಲಿ ಕ್ರಾಮ್‌ವೆಲ್ ಬಂದಾಗ ಕೋಟೆ ಕಾದಾಡದೆ ಶರಣಾಯಿತು. ಗೋಡೆ, ಗೋಪುರ, ಮೇಲಿಂದಿಳಿಯುವ ಬಾಗಿಲು ಎಲ್ಲವೂ ಇಂದು ಇಷ್ಟು ಚೆನ್ನಾಗಿರುವುದಕ್ಕೆ ಆ ಶರಣಾಗತಿಯೂ ಒಂದು ಕಾರಣ. ಮಕ್ಕಳೊಡನೆ ಹೋಗುವವರಿಗೆ ಟ್ರಿಮ್ ಕೋಟೆಗಿಂತ ಕೇರ್ ಮೇಲು, ಏಕೆಂದರೆ ಇಲ್ಲಿ ಕೋಟೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಊಹಿಸಬೇಕಾಗಿಲ್ಲ, ಕಣ್ಣೆದುರೇ ಕಾಣುತ್ತದೆ.

ಕೋಟೆಯಿಂದ ನದಿಯಗುಂಟ ಸುಮಾರು ಎರಡು ಕಿಲೋಮೀಟರ್ ನಡೆದರೆ ಸ್ವಿಸ್ ಕಾಟೇಜ್ ಎಂಬ ಹುಲ್ಲುಮಾಡಿನ ಮನೆ ಸಿಗುತ್ತದೆ. ಅದೇ ಬಟ್ಲರ್ ಮನೆತನದ ಸಿರಿವಂತರು 1810ರ ಸುಮಾರಿಗೆ, ಹೆಸರಾಂತ ವಾಸ್ತುಶಿಲ್ಪಿ ಜಾನ್ ನ್ಯಾಶ್ ಅವರದೆಂದು ಹೇಳುವ ವಿನ್ಯಾಸದಂತೆ, ಹಳ್ಳಿಗರ ಬಾಳನ್ನು ಆಟವಾಡಲು ಕಟ್ಟಿಸಿಕೊಂಡ ಮನೆಯಿದು. ಎರಡು ಕಿಟಕಿಗಳು ಒಂದರಂತೆ ಒಂದಿರಬಾರದೆಂದೇ ಲೆಕ್ಕಹಾಕಿ ಕಟ್ಟಿದ್ದಾರೆ. ಒಳಗಿನ ಗೋಡೆಗೆ ಪ್ಯಾರಿಸ್ಸಿನ ದುಫೂರ್ ಕಾರ್ಖಾನೆಯ ಚಿತ್ರಕಾಗದ. ಹಾಳಾಗಿದ್ದ ಇದನ್ನು 1980ರ ದಶಕದಲ್ಲಿ ಸರಿಪಡಿಸಿ ತೆರೆದರು. ನೋಡಲು ಬಹಳ ಚೆಂದ. ಆದರೆ ನಿಜವಾದ ಹಳ್ಳಿಮನೆ ಎಂದರೆ ಇದೇ ಎಂದು ತಿಳಿದುಕೊಂಡು ಯಾರೂ ಹಿಂದಿರುಗಬಾರದು.

ಭಾರತೀಯ ಕಣ್ಣಿಗೆ ಕುತೂಹಲವೆನಿಸುವ ಇನ್ನೊಂದು ಆಟದ ಕಟ್ಟಡ ಇಲ್ಲಿಂದ ದಕ್ಷಿಣಕ್ಕೆ, ವಾಟರ್‌ಫರ್ಡ್ ಕೌಂಟಿಯ ವಿಲಿಯರ್ಸ್‌ಟೌನ್ ಬಳಿ ಇದೆ. ಡ್ರೊಮಾನಾ ದ್ವಾರವೆಂಬ ಆ ಹೆಬ್ಬಾಗಿಲಿಗೆ ಈರುಳ್ಳಿ ಗುಮ್ಮಟವೂ ಮಿನಾರುಗಳೂ ಉಂಟು. ಮೊದಲು ಜಮೀನುದಾರನ ಮದುವೆಯ ಸ್ವಾಗತಕ್ಕೆಂದು ತಾತ್ಕಾಲಿಕವಾಗಿ ಕಟ್ಟಿದ್ದನ್ನು ಮೆಚ್ಚಿ 19ನೆಯ ಶತಮಾನದ ಮಧ್ಯದಲ್ಲಿ ಕಲ್ಲಿನಲ್ಲಿ ಮತ್ತೆ ಕಟ್ಟಿಸಿದರು. ಇದಕ್ಕೆ ಹಿಂದೂ-ಗಾಥಿಕ್ ಶೈಲಿ ಎಂಬ ಹೆಸರು. ಭಾರತವನ್ನು ಚಿತ್ರಗಳಲ್ಲಷ್ಟೇ ಕಂಡವರ ಭಾರತ ಅದು; ಅದಕ್ಕಾಗಿಯೇ ಬೇರೆ ದಿನ ಮೀಸಲಿಡುವುದು ಬೇಡ.

ಕ್ಲೇರ್: ಗೋಪುರಮನೆಗಳ ಸೀಮೆ

ಹದಿನೈದನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗೆ ಐರ್ಲೆಂಡಿನ ಪಾಳೆಯಗಾರರು ವಾಸಿಸಿದ್ದು ಎತ್ತರವಾದ, ಇಕ್ಕಟ್ಟಾದ ಕಲ್ಲಿನ ಗೋಪುರಮನೆಗಳಲ್ಲಿ. ಅಂಥ ಸಾವಿರಾರು ಮನೆಗಳನ್ನು ಕಟ್ಟಿದರು. ಕ್ಲೇರ್ ಕೌಂಟಿಯಲ್ಲಿ ಅವು ಹೆಜ್ಜೆಹೆಜ್ಜೆಗೂ ಕಾಣುತ್ತವೆ. ಪಾಳುಬಿದ್ದ ಗೋಪುರಮನೆಯೊಳಗೆ ಹೋಗುವ ಅವಕಾಶ ಸಿಕ್ಕಿದರೆ ತಲೆಯೆತ್ತಿ ಕಮಾನಿನ ಒಳಮೈಯನ್ನು ನೋಡಿ: ಗಾರೆಯ ಮೇಲೆ ಬುಟ್ಟಿ ಹೆಣೆದ ಗುರುತು ಮೂಡಿರುತ್ತದೆ. ಕಮಾನು ಕಟ್ಟುವಾಗ ಬೆತ್ತದಂತಹ ಕಡ್ಡಿಗಳ ಹೆಣಿಗೆಯನ್ನು ಆಸರೆಯಾಗಿಟ್ಟು, ಅದರ ಮೇಲೆ ಕಲ್ಲು ಗಾರೆ ಹಾಕುತ್ತಿದ್ದರು. ಹೆಣಿಗೆ ಎಂದೋ ಹೋಯಿತು, ಹೆಣೆದ ಕೈಯ ಗುರುತು ಐನೂರು ವರ್ಷಗಳಿಂದ ಉಳಿದಿದೆ. ಯಾವ ಅರಮನೆಯ ಅಲಂಕಾರಕ್ಕಿಂತಲೂ ಇದು ನನಗೆ ಹೆಚ್ಚಿನದೆನಿಸುತ್ತದೆ.

ಇಲ್ಲಿ ಆಯ್ಕೆ ಇರುವುದು ಬನ್‌ರಾಟಿ ಮತ್ತು ಲೆಮನೇ ಎಂಬ ಎರಡರ ನಡುವೆ. ಮ್ಯಾಕ್‌ನಮಾರಾ ಮನೆತನ 1425ರ ಸುಮಾರಿಗೆ ಕಟ್ಟಿಸಿದ ಬನ್‌ರಾಟಿ ಹಾಳಾಗಿದ್ದಾಗ 1950ರ ದಶಕದಲ್ಲಿ ಗಾರ್ಟ್ ಪ್ರಭು ಅದನ್ನು ಕೊಂಡು, ಸರಕಾರದ ನೆರವಿನಿಂದ ಸೂರು ಹೊದಿಸಿ, ಆ ಕಾಲದ ಪೀಠೋಪಕರಣಗಳಿಂದ ತುಂಬಿ 1960ರಲ್ಲಿ ಜನರಿಗೆ ತೆರೆದರು. ಶಾನನ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವುದರಿಂದ ಪ್ರವಾಸಿಗಳ ನೂಕುನುಗ್ಗಲು ವಿಪರೀತ. ರಾತ್ರಿ ಮಧ್ಯಯುಗದ ವೇಷದ ಔತಣಗಳೂ ಉಂಟು. ಔತಣದ ಗದ್ದಲ ಬೇಡವೆನ್ನುವವರೂ ಪಕ್ಕದ ಜಾನಪದ ಉದ್ಯಾನವನ್ನು ತಪ್ಪಿಸಬಾರದು. ಹುಲ್ಲುಮಾಡಿನ ಸಾಮಾನ್ಯ ಮನೆಗಳನ್ನು ಒಂದೆಡೆ ಕಲೆಹಾಕಿ ನೋಡಲು ಸಿಗುವ ಜಾಗಗಳು ಕಡಿಮೆ. ಒಂದೇ ಕೋಣೆಯ ಅಗಲ, ಸುಣ್ಣ ಬಳಿದ ಗೋಡೆ, ನಡುವೆ ಒಲೆ, ಅಟ್ಲಾಂಟಿಕ್ ಗಾಳಿಗೆ ಹಾರದಂತೆ ಹಗ್ಗ ಬಿಗಿದ ಮಾಡು: ಸ್ವಿಸ್ ಕಾಟೇಜಿನ ಮೋಹವನ್ನು ಇಳಿಸಲು ಇವು ಸಾಕು.

ಲೆಮನೇಯಲ್ಲಿ ಹಾಗಲ್ಲ. ರಸ್ತೆಯ ತಿರುವಿನಲ್ಲಿ ನಿಂತು ಬೇಲಿಯಾಚೆಗೆ ನೋಡಬೇಕು; ಜಮೀನು ಖಾಸಗಿ, ಪ್ರವೇಶವಿಲ್ಲ. ಎಡಬಲಕ್ಕೆ ಅಂಟಿಕೊಂಡ ಎರಡು ಕಟ್ಟಡಗಳಲ್ಲಿ ಒಂದು 15ನೆಯ ಶತಮಾನದ ಗೋಪುರಮನೆ. ಅದಕ್ಕಿರುವುದು ಬಾಣ ಬಿಡುವಷ್ಟು ಸೀಳುಕಿಂಡಿಗಳು ಮಾತ್ರ. ಅದಕ್ಕೆ ಸೇರಿಸಿ 1640ರ ದಶಕದಲ್ಲಿ ಕಾನರ್ ಓಬ್ರಿಯನ್ ಮತ್ತು ಅವನ ಹೆಂಡತಿ ಮಾಯ್ರ ರೂಆ ಕಟ್ಟಿಸಿದ ನಾಲ್ಕಂತಸ್ತಿನ ಮನೆಗೆ ಸಾಲುಸಾಲು ದೊಡ್ಡ ಕಿಟಕಿಗಳು. ಇನ್ನು ಯುದ್ಧವಿಲ್ಲ, ಬೆಳಕು ಬರಲಿ ಎಂದು ನಂಬಿದ ಮನೆಯದು. ನಂಬಿದ ಕೆಲವೇ ವರ್ಷಗಳಲ್ಲಿ, 1651ರಲ್ಲಿ, ಕಾನರ್ ಕ್ರಾಮ್‌ವೆಲ್‌ನ ಸೈನ್ಯದೊಡನೆ ಕಾದಾಡಿ ಸತ್ತ. ಆ ದೊಡ್ಡ ಕಿಟಕಿಗಳ ಮೂಲಕ ಈಗ ಆಚೆ ಬದಿಯ ಆಕಾಶ ಕಾಣುತ್ತದೆ. ಬನ್‌ರಾಟಿಗೆ ಅರ್ಧ ದಿನ ಬೇಕು, ಲೆಮನೇಗೆ ಹತ್ತು ನಿಮಿಷ. ಆದರೆ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುವುದು ಎರಡನೆಯದು.

ಬರನ್ ಎಂಬ ಬೋಳು ಸುಣ್ಣಕಲ್ಲಿನ ಪ್ರದೇಶದ ಉತ್ತರದಂಚಿನಲ್ಲಿರುವ ಕಾರ್ಕಮ್ರೋ ಮಠವನ್ನೂ ದಾರಿಯಲ್ಲಿ ಸೇರಿಸಿಕೊಳ್ಳಬೇಕು. 1200ರ ಆಸುಪಾಸಿನ ಈ ಸಿಸ್ಟರ್ಸಿಯನ್ ಮಠಕ್ಕೆ ಲ್ಯಾಟಿನ್ನಿನಲ್ಲಿದ್ದ ಹೆಸರಿನ ಅರ್ಥ ‘ಫಲವತ್ತಾದ ಬಂಡೆಯ ಮಾತೆ ಮರಿಯಾ’. ಗರ್ಭಗುಡಿಯಂತಹ ಪೂರ್ವಭಾಗದಲ್ಲಿ ಮಾತ್ರ ಚಾವಣಿ ಉಳಿದಿದೆ. ಅಲ್ಲಿನ ಬೋದಿಗೆಗಳಲ್ಲಿ ಹೂವು ಎಲೆಗಳನ್ನು ಬಹಳ ನಯವಾಗಿ ಕಡೆದಿದ್ದಾರೆ. ಅದೇ ಕಟ್ಟಡದ ಪಶ್ಚಿಮಕ್ಕೆ ಬಂದಂತೆ ಕೆಲಸ ಒರಟಾಗುತ್ತದೆ. ಕಟ್ಟುತ್ತಿರುವಾಗಲೇ ಹಣ ಮುಗಿದದ್ದು ಕಲ್ಲಿನಲ್ಲೇ ಓದಲು ಸಿಗುತ್ತದೆ.

ರಾಸ್‌ಕಾಮನ್: ದೊಡ್ಡಮನೆ ಮತ್ತು ಗೇಣಿದಾರರು

ರಾಸ್‌ಕಾಮನ್ ಸಾಮಾನ್ಯ ಪ್ರವಾಸಿಗಳ ಪಟ್ಟಿಯಲ್ಲಿ ಇರುವುದಿಲ್ಲ. ಮೊದಲ ಸಲ ಬಂದವರಿಗೆ ನಾನೂ ಇದನ್ನು ಸೂಚಿಸುವುದಿಲ್ಲ. ಆದರೆ ಐರ್ಲೆಂಡಿನಲ್ಲಿ ಕೆಲವು ವರ್ಷ ಬಾಳಿ, ಈ ಜನ ಮನೆ ಮತ್ತು ಜಮೀನಿನ ಮಾತು ಬಂದೊಡನೆ ಏಕೆ ಹಾಗೆ ಗಂಭೀರರಾಗುತ್ತಾರೆ ಎಂದು ಯೋಚಿಸಿದವರು ಇಲ್ಲಿಗೇ ಬರಬೇಕು.

ಜಮೀನುದಾರನ ನಿವಾಸವನ್ನು ಐರಿಷ್ ಹಳ್ಳಿಗರು ‘ಬಿಗ್ ಹೌಸ್’ ಎಂದೇ ಕರೆಯುತ್ತಿದ್ದರು. ನಮ್ಮ ಕಡೆಯ ‘ದೊಡ್ಡಮನೆ’ ಎಂಬ ಮಾತಿನಲ್ಲಿರುವ ಗೌರವ, ಭಯ, ಅಸಮಾಧಾನ ಮೂರೂ ಅದರಲ್ಲಿವೆ. ಸ್ಟ್ರೋಕ್ಸ್‌ಟೌನ್ ಊರಿನ ಅಗಲವಾದ ಬೀದಿಯ ಕೊನೆಗಿರುವ ದೊಡ್ಡಮನೆ ಮೇಹನ್ ಕುಟುಂಬದ್ದು. ನಡುವೆ ಮುಖ್ಯ ಮನೆ, ಎರಡು ಕಡೆಗೆ ಚಾಚಿದ ರೆಕ್ಕೆಗಳು. ಒಂದು ರೆಕ್ಕೆಯಲ್ಲಿ ಕಮಾನಿನ ಚಾವಣಿಯ ಕುದುರೆಲಾಯ, ಇನ್ನೊಂದರಲ್ಲಿ ಅಡುಗೆಮನೆ. ಅಡುಗೆಮನೆಯ ಮೇಲ್ಭಾಗದಲ್ಲಿ ಸುತ್ತಲೂ ಮರದ ಮೊಗಸಾಲೆಯಿದೆ. ಮನೆಯೊಡತಿ ಕೆಳಗಿಳಿಯದೆ, ಆಳುಗಳ ನಡುವೆ ಬೆರೆಯದೆ, ಮೇಲಿಂದಲೇ ಕೆಲಸವನ್ನು ನೋಡಲು ಅನುಕೂಲವಾಗುವಂತೆ ಮಾಡಿದ ಏರ್ಪಾಡು. ವರ್ಗಭೇದ ಎಂಬ ಮಾತನ್ನು ಮರಗೆಲಸದಲ್ಲಿ ಹೀಗೆ ತೋರಿಸಿದ ಕಟ್ಟಡವನ್ನು ನಾನು ಬೇರೆ ಕಂಡಿಲ್ಲ.

1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಕ್ಷಾಮ ಆರಂಭವಾದಾಗ ಈ ಜಮೀನು ಡೆನಿಸ್ ಮೇಹನ್ ಎಂಬವನ ಕೈಗೆ ಬಂದಿತ್ತು. ಗೇಣಿ ಬಾಕಿ ಉಳಿಸಿಕೊಂಡಿದ್ದವರಲ್ಲಿ 1,490 ಮಂದಿಯನ್ನು 1847ರಲ್ಲಿ ಕೆನಡಾಕ್ಕೆ ಸಾಗಹಾಕಲಾಯಿತು. ಅವರು ಸ್ಟ್ರೋಕ್ಸ್‌ಟೌನಿನಿಂದ ಡಬ್ಲಿನ್ನಿನವರೆಗೆ ನಡೆದೇ ಹೋದರು; ಹಡಗುಗಳಲ್ಲಿ ನೂರಾರು ಮಂದಿ ಸತ್ತರು. ಅದೇ ವರ್ಷದ ನವೆಂಬರಿನಲ್ಲಿ ಮೇಹನ್‌ನನ್ನು ಗುಂಡಿಟ್ಟು ಕೊಂದರು. 1841ರಲ್ಲಿ ಸುಮಾರು 2,53,000 ಇದ್ದ ಕೌಂಟಿಯ ಜನಸಂಖ್ಯೆ ಹತ್ತು ವರ್ಷಗಳ ಮೇಲೆ ಸುಮಾರು 1,73,000ಕ್ಕೆ ಇಳಿದಿತ್ತು. ಇಷ್ಟೆಲ್ಲ ನಡೆದರೂ ಮನೆ ಮಾತ್ರ ಸುಡಲಿಲ್ಲ. 1979ರಲ್ಲಿ ಊರಿನ ವಾಹನ ವ್ಯಾಪಾರದ ಸಂಸ್ಥೆಯೊಂದು ಜಾಗಕ್ಕಾಗಿ ಇದನ್ನು ಕೊಂಡಾಗ ಮನೆಯೊಳಗೆ ಕ್ಷಾಮಕಾಲದ ಕಾಗದಪತ್ರಗಳು ರಾಶಿರಾಶಿಯಾಗಿ ಸಿಕ್ಕಿದವು. ಅವುಗಳಲ್ಲಿ ಹಸಿದ ಗೇಣಿದಾರರು 1846ರಲ್ಲಿ ಕೊಟ್ಟ ಅರ್ಜಿಯೂ ಇತ್ತು. ಅವನ್ನು ಓದಿದ ಮೇಲೆ ಮನೆಯನ್ನು ಉಳಿಸಲು ತೀರ್ಮಾನಿಸಿದರು. 1994ರಲ್ಲಿ ರಾಷ್ಟ್ರೀಯ ಕ್ಷಾಮ ವಸ್ತುಸಂಗ್ರಹಾಲಯ ಅಲ್ಲಿಯೇ ತೆರೆಯಿತು. ಒಂದೇ ಆವರಣದಲ್ಲಿ ಒಡೆಯರ ಊಟದ ಕೋಣೆಯನ್ನೂ ಗೇಣಿದಾರರ ಅರ್ಜಿಯನ್ನೂ ನೋಡಬಹುದು. ಮೊದಲು ಮನೆ, ಆಮೇಲೆ ಸಂಗ್ರಹಾಲಯ ಎಂಬ ಕ್ರಮದಲ್ಲಿ ನೋಡುವುದು ಲೇಸು.

ಕಾರಿಲ್ಲದವರು ಇದೇ ಕೌಂಟಿಯ ಬಾಯ್ಲ್ ಪಟ್ಟಣವನ್ನು ಆರಿಸಿಕೊಳ್ಳಬಹುದು. ಡಬ್ಲಿನ್‌ನಿಂದ ಸ್ಲೈಗೋಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ, ಎರಡು ಮುಖ್ಯ ಕಟ್ಟಡಗಳೂ ನಡಿಗೆಯ ದೂರದಲ್ಲಿವೆ. 1161ರಲ್ಲಿ ಸ್ಥಾಪನೆಯಾದ ಮಠದ ನಡುಅಂಕಣದಲ್ಲಿ ಒಂದು ಪಕ್ಕದ ಕಮಾನುಗಳು ದುಂಡಗಿವೆ, ಎದುರು ಪಕ್ಕದವು ಚೂಪಾಗಿವೆ. ಕಟ್ಟಲು ಹಲವು ದಶಕಗಳು ಹಿಡಿದಾಗ ಶೈಲಿಯೇ ಬದಲಾಗಿಹೋಗಿದ್ದರ ಗುರುತು ಅದು. ಇನ್ನೊಂದು, 18ನೆಯ ಶತಮಾನದ ಕಿಂಗ್ ಹೌಸ್. ಬೆಂಕಿಯ ಭಯಕ್ಕೆ ಅದರ ಎಲ್ಲ ಅಂತಸ್ತುಗಳಿಗೂ ಕಮಾನಿನ ಚಾವಣಿ ಕಟ್ಟಿದ್ದಾರೆ. ಬಹುಕಾಲ ಇದು ಬ್ರಿಟಿಷ್ ಸೈನ್ಯದ ಕಾನಾಟ್ ರೇಂಜರ್ಸ್ ಎಂಬ ಐರಿಷ್ ಪಡೆಯ ಬ್ಯಾರಕ್ಕಾಗಿತ್ತು. 1920ರಲ್ಲಿ ಜಲಂಧರ್ ಮತ್ತು ಸೋಲನ್‌ಗಳಲ್ಲಿ, ತಮ್ಮ ನಾಡಿನಲ್ಲಿ ನಡೆಯುತ್ತಿದ್ದ ದಬ್ಬಾಳಿಕೆಯನ್ನು ಪ್ರತಿಭಟಿಸಿ ಆಯುಧ ಕೆಳಗಿಟ್ಟ ಐರಿಷ್ ಸೈನಿಕರು ಅದೇ ಪಡೆಯವರು.

ಆಫಲಿ, ಮತ್ತು ಮಂಡಿನೋವಿನ ಪ್ರಶ್ನೆ

ಆಫಲಿಗೆ ಹೋಗುವುದು ಹೆಚ್ಚಾಗಿ ಕ್ಲಾನ್‌ಮಕ್‌ನಾಯ್ಸ್‌ಗಾಗಿ. ಆರನೆಯ ಶತಮಾನದ ನಡುವಿನಲ್ಲಿ ಸಂತ ಕೀರನ್ ಶಾನನ್ ನದಿಯ ದಡದಲ್ಲಿ ಸ್ಥಾಪಿಸಿದ ಮಠವಿದು. 1124ರಲ್ಲಿ ಪೂರ್ಣಗೊಂಡ ಇಲ್ಲಿನ ದುಂಡುಗೋಪುರದ ತುದಿ ಹನ್ನೊಂದೇ ವರ್ಷದಲ್ಲಿ ಸಿಡಿಲಿಗೆ ಹಾರಿಹೋಯಿತು. 1552ರಲ್ಲಿ ಆತ್‌ಲೋನಿನ ಇಂಗ್ಲಿಷ್ ಪಡೆ ಬಂದು ಉಳಿದದ್ದನ್ನು ದೋಚಿತು. ಕೆತ್ತನೆಯ ಮೂಲ ಶಿಲುಬೆಗಳನ್ನು ಮಳೆಯಿಂದ ಕಾಪಾಡಲು ಒಳಗೆ ಸಾಗಿಸಿ, ಹೊರಗೆ ಪ್ರತಿಕೃತಿಗಳನ್ನು ನಿಲ್ಲಿಸಿದ್ದಾರೆ. ಕ್ಯಾಶೆಲ್‌ಗೂ ಇದಕ್ಕೂ ನಡುವೆ ಒಂದನ್ನೇ ಆರಿಸಬೇಕಾದಾಗ ನಾನು ನೋಡುವುದು ಜೊತೆಗಿರುವವರ ಮಂಡಿಯನ್ನು. ಕ್ಯಾಶೆಲ್‌ಗೆ ಏರು ಹತ್ತಬೇಕು, ಮೇಲೆ ಗಾಳಿ ಜೋರು. ಕ್ಲಾನ್‌ಮಕ್‌ನಾಯ್ಸ್‌ನಲ್ಲಿ ನಡೆದಾಡುವುದು ಸಲೀಸು. ನ್ಯೂಗ್ರೇಂಜಿನ ಹಾದಿ ಇಕ್ಕಟ್ಟಿನದಾದ್ದರಿಂದ ಉಸಿರುಕಟ್ಟುವ ಅಂಜಿಕೆಯಿರುವವರಿಗೆ ಆಗದು. ಬನ್‌ರಾಟಿಯ ಸುರುಳಿ ಮೆಟ್ಟಿಲು ವಯಸ್ಸಾದವರಿಗೆ ನಿಜಕ್ಕೂ ಕಷ್ಟ. ಸೀರೆಯುಟ್ಟವರಂತೂ ಎರಡು ಸಲ ಯೋಚಿಸಬೇಕು. ಅದೇ ಆಫಲಿಯ ಬರ್ ಊರಿನಲ್ಲಿ, ಅರಮನೆಯ ಉದ್ಯಾನದಲ್ಲಿ, ರಾಸ್ ಪ್ರಭು 1845ರಲ್ಲಿ ನಿಲ್ಲಿಸಿದ ಭಾರಿ ದೂರದರ್ಶಕವಿದೆ. 1.8 ಮೀಟರ್ ಅಗಲದ ಕನ್ನಡಿಯ ಅದು 1917ರವರೆಗೆ ಜಗತ್ತಿನಲ್ಲೇ ದೊಡ್ಡದಾಗಿತ್ತು. ವಿಜ್ಞಾನದ ಒಲವಿರುವ ಮಕ್ಕಳಿಗೆ ಕೋಟೆಗಳಿಗಿಂತ ಇದು ಹಿಡಿಸುತ್ತದೆ.

ಯಾವಾಗ ಹೋಗುವುದು, ಹೇಗೆ ಹೋಗುವುದು

ಸರಕಾರದ ವಶದಲ್ಲಿರುವ ಸ್ಮಾರಕಗಳನ್ನು ಲೋಕೋಪಯೋಗಿ ಕಚೇರಿ ನೋಡಿಕೊಳ್ಳುತ್ತದೆ. ವರ್ಷದಲ್ಲಿ ನಾಲ್ಕೈದು ಕಡೆ ಹೋಗುವ ಯೋಚನೆಯಿದ್ದರೆ ಬಿಡಿಬಿಡಿ ಟಿಕೆಟ್ಟಿಗಿಂತ ಅದರ ಹೆರಿಟೇಜ್ ಕಾರ್ಡ್ ಅಗ್ಗವಾಗುತ್ತದೆ; ಆದರೆ ಬನ್‌ರಾಟಿ, ಸ್ಟ್ರೋಕ್ಸ್‌ಟೌನ್, ಬರ್ ಮೂರೂ ಆ ಕಚೇರಿಗೆ ಸೇರಿದವಲ್ಲವಾದ್ದರಿಂದ ಅಲ್ಲಿ ಅದು ನಡೆಯುವುದಿಲ್ಲ. ಕ್ಯಾಶೆಲ್, ಕೇರ್, ಕ್ಲಾನ್‌ಮಕ್‌ನಾಯ್ಸ್ ವರ್ಷವಿಡೀ ತೆರೆದಿರುತ್ತವೆ. ಸ್ವಿಸ್ ಕಾಟೇಜ್, ಬಾಯ್ಲ್ ಮಠದಂಥವು ಚಳಿಗಾಲದಲ್ಲಿ ಬಾಗಿಲು ಹಾಕುತ್ತವೆ. ಖಾಸಗಿ ದೊಡ್ಡಮನೆಗಳಲ್ಲಿಯೂ ಕೆಲವಕ್ಕೆ ಪ್ರವೇಶವುಂಟು: ದುರಸ್ತಿಯ ವೆಚ್ಚಕ್ಕೆ ತೆರಿಗೆ ವಿನಾಯಿತಿ ಪಡೆದ ಮಾಲೀಕರು ವರ್ಷದಲ್ಲಿ ಇಂತಿಷ್ಟು ದಿನ ಸಾರ್ವಜನಿಕರಿಗೆ ಮನೆ ತೋರಿಸಲೇಬೇಕೆಂಬ ನಿಯಮವಿದೆ. ಆಗಸ್ಟಿನಲ್ಲಿ ನಡೆಯುವ ಹೆರಿಟೇಜ್ ವಾರದಲ್ಲಿ ಸಾಮಾನ್ಯವಾಗಿ ಮುಚ್ಚಿರುವ ಬಾಗಿಲುಗಳೂ ತೆರೆಯುತ್ತವೆ. ಹೊಲದ ನಡುವಿನ ಪಾಳುಕಟ್ಟಡಕ್ಕೆ ಹೋಗುವಾಗ ತೆರೆದ ಗೇಟನ್ನು ಮತ್ತೆ ಮುಚ್ಚುವುದು ಕಡ್ಡಾಯ, ದನಕರುಗಳಿರುತ್ತವೆ. ಹಲವು ಮಠಗಳ ಅಂಗಳದಲ್ಲಿ ಊರವರು ಇಂದಿಗೂ ಹೆಣ ಹೂಳುತ್ತಾರೆ. ಹೊಸ ಹೂವಿಟ್ಟ ಗೋರಿಗಳ ನಡುವೆ ನಿಂತು ಚಿತ್ರ ತೆಗೆಯುವುದಕ್ಕೆ ಮೊದಲು ಸುತ್ತ ಒಮ್ಮೆ ನೋಡಿಕೊಳ್ಳಿ.

ಡಿಸೆಂಬರಿನಲ್ಲಿ ಬರುವವರಿಗೆ ಮೀತ್ ಬಿಟ್ಟು ಬೇರೆ ಆಯ್ಕೆಯನ್ನು ಹೇಳುವುದಿಲ್ಲ. ಚಳಿಗಾಲದ ಅಯನ ಸಂಕ್ರಾಂತಿಯ ಆಸುಪಾಸಿನ ಕೆಲವು ಮುಂಜಾನೆಗಳಲ್ಲಿ, ನ್ಯೂಗ್ರೇಂಜಿನ ಬಾಗಿಲ ಮೇಲಿನ ಗವಾಕ್ಷಿಯಿಂದ ಸೂರ್ಯನ ಕಿರಣ ಹಾದಿಯುದ್ದಕ್ಕೂ ಸಾಗಿ ನಡುಕೋಣೆಯ ನೆಲವನ್ನು ಸುಮಾರು 17 ನಿಮಿಷ ಬೆಳಗುತ್ತದೆ. ಒಳಗೆ ನಿಲ್ಲುವವರನ್ನು ಚೀಟಿ ಎತ್ತಿ ಆರಿಸುತ್ತಾರೆ. ಚೀಟಿ ಬಂದವರಿಗೂ ಮೋಡವಿದ್ದರೆ ಕತ್ತಲೆಯೇ ಗತಿ. ಉಳಿದ ದಿನಗಳಲ್ಲಿ ಮಾರ್ಗದರ್ಶಕರು ವಿದ್ಯುದ್ದೀಪದಿಂದ ಆ ಬೆಳಕನ್ನು ಅಣಕಿಸಿ ತೋರಿಸುತ್ತಾರೆ. ಚೀಟಿ ಬಾರದವರು ಅದೇ ದಿನ ಸಂಜೆ ಡೌತ್ ದಿಬ್ಬದ ಬಳಿಗೆ ಹೋಗಬಹುದು. ಅದರ ದಕ್ಷಿಣದ ಕೋಣೆಯ ಬಾಯಿ ಇರುವುದು ಅಯನದ ದಿನ ಮುಳುಗುವ ಸೂರ್ಯನ ದಿಕ್ಕಿಗೆ. ಒಳಗೆ ಬಿಡುವುದಿಲ್ಲ, ಆದರೆ ಹೊರಗೆ ದಿಬ್ಬದ ಬದಿಯಲ್ಲಿ ನಿಂತು ಹೊತ್ತು ಮುಳುಗುವುದನ್ನು ನೋಡಲು ಟಿಕೆಟ್ಟು ಬೇಕಿಲ್ಲ. ಹೊತ್ತು ಮುಳುಗುವುದು ಸಂಜೆ ನಾಲ್ಕು ಗಂಟೆ ದಾಟಿದ ಕೆಲವೇ ನಿಮಿಷಗಳಿಗೆ. ಊಟ ಮುಗಿಸಿಕೊಂಡು ನಿಧಾನವಾಗಿ ಹೊರಟರೆ ಅದು ಸಿಗುವುದಿಲ್ಲ.